ಕೊಸರು ಹಾಕಿದ ಕೈ

ಕಲಾಸಿಪಾಳ್ಯ, ಬೆಂಗಳೂರು

ಚಿ. ಸೌ. ತಂಗಿಗೆ,

ಕಳೆದ ಸುಗ್ಗಿಯಲ್ಲಿ ಹೆಳವನು ಎತ್ತಿನೊಡನೆ ಬಂದು, ಅಪ್ಪನ ಮನೆಯ ಜಗುಲಿಯ ಮುಂದೆ ಗಂಟೆ ಬಾರಿಸಿ, ಹೊತ್ತಿಗೆಯನ್ನು ಬಿಚ್ಚಿ ಮೂಲಪುರುಷನಿಂದ ಮೊದಲ್ಗೊಂಡು ಅಪ್ಪನವರೆಗಿನ ಏಳು ತಲೆಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಾಗ, ಮೊರದಲ್ಲಿ ರಾಗಿಯನ್ನು ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ನೀನು “ಮುತ್ತಜ್ಜಿಯ ಹೆಸರೆಲ್ಲಿ?” ಎಂದು ಕೇಳಿದೆಯಷ್ಟೆ, ಆ ಪ್ರಶ್ನೆಯೇ ನನ್ನನ್ನು ಈ ವಯಸ್ಸಿನಲ್ಲಿ ಇಲ್ಲಿಗೆ ಕರೆತಂದಿತು. ಹೆಳವನನ್ನು ದೂರುವಂತಿಲ್ಲ. ಅವನ ಹಿರಿಯರು ಒಕ್ಕಲು ಮನೆಗಳ ಜಗುಲಿಯಲ್ಲಿ ಕುಳಿತ ಗಂಡಸರ ಬಾಯಿಂದ ಕೇಳಿದ್ದನ್ನು ಬರೆದುಕೊಂಡರು. ಅವರೂ ಬರೆಯದಿದ್ದರೆ ನಮ್ಮಂಥ ಬೇಸಾಯದವರ ವಂಶಕ್ಕೆ ಬೇರೆ ಯಾವ ಶಾಸನವಿತ್ತು? ಆದರೆ ವಂಶವನ್ನು ಉಳಿಸಿದವಳೇ ವಂಶಾವಳಿಯಲ್ಲಿ ಇಲ್ಲದಿರುವುದು ನನ್ನ ಮನಸ್ಸನ್ನು ಅಂದಿನಿಂದ ಕೊರೆಯುತ್ತಲೇ ಇದೆ.

ಅಪ್ಪ ಹೇಳುತ್ತಿದ್ದುದು ನಿನಗೂ ನೆನಪಿರಬೇಕು. 1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮಳೆ ಕೈಕೊಟ್ಟು ಹಗೇವಿನ ರಾಗಿ ತಳಕಂಡ ಮೇಲೆ, ಗಂಡನನ್ನು ಕಳೆದುಕೊಂಡ ಮುತ್ತಜ್ಜಿ ಐದು ವರ್ಷದ ಅಜ್ಜನನ್ನು ಕಂಕುಳಲ್ಲಿ ಇರಿಸಿಕೊಂಡು ಶಿರಾ ಸೀಮೆಯಿಂದ ತುಮಕೂರು, ನೆಲಮಂಗಲಗಳ ದಾರಿಯಲ್ಲಿ ನಡೆದೇ ಬೆಂಗಳೂರನ್ನು ಸೇರಿದಳು. 1871ರಲ್ಲಿ 50 ಲಕ್ಷಕ್ಕೆ ಮಿಕ್ಕಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರ ಎಣಿಕೆಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ 42 ಲಕ್ಷದಲ್ಲಿ ಒಂದು ಅವಳು, ಇನ್ನೊಂದು ಅಜ್ಜ. ಬರದಿಂದ ನೊಂದವರಿಗೆ ಕೂಲಿಯಾಗಲೆಂದು ಆಗ ಹಿಡಿದ ಕೆಲಸಗಳಲ್ಲಿ ಬೆಂಗಳೂರು–ಮೈಸೂರು ರೈಲುದಾರಿಯೂ ಒಂದಷ್ಟೆ; ಅದರ ಏರಿಗೆ ಅವಳು ಮಣ್ಣು ಹೊತ್ತಳಂತೆ. 1882ರಲ್ಲಿ ಮೈಸೂರಿನವರೆಗೆ ಗಾಡಿ ಓಡಿದ ಕಾಲಕ್ಕೆ ಅವಳು ಕಲಾಸಿಪಾಳ್ಯದಲ್ಲಿ ಬುಟ್ಟಿಯಿಟ್ಟುಕೊಂಡು ಕಡಲೆಪುರಿ ಅಳೆಯುತ್ತಿದ್ದಳು.

ದಂಡಿನ ಗುಡಾರ ಹೂಡುವ, ತೋಪುಗಳನ್ನು ಎಳೆಯುವ ಖಲಾಸಿಗಳು ನೆಲಸಿದ್ದುದರಿಂದ ಈ ಪಾಳ್ಯಕ್ಕೆ ಈ ಹೆಸರು ಬಂದಿತೆಂದು ಹೇಳುವುದುಂಟು. ರಾಜರ ಹೆಸರನ್ನು ಹೊತ್ತ ಪೇಟೆಗಳ ನಡುವೆ ಕೂಲಿಯವರ ಹೆಸರಿನ ಈ ನೆಲವು ನನಗೆ, ಕಾಲಿಟ್ಟ ಗಳಿಗೆಯಿಂದಲೇ, ನಂಟರ ಮನೆಯಂತೆ ತೋರಿತು. ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಮೆಟ್ರೋ ಇಳಿದು ಮೇಲೆ ಬಂದರೆ ಎದುರಿಗೇ ಹೈದರಾಲಿಯು 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ ಕೋಟೆಯ ಉಳಿದಷ್ಟು ಭಾಗ. ಅತ್ತ ಕೋಟೆ ವೆಂಕಟರಮಣ ದೇವಾಲಯ, ಅದರ ಪಕ್ಕದಲ್ಲಿಯೇ ಟಿಪ್ಪುವಿನ ಮರದ ಅರಮನೆ. ಇವನ್ನೆಲ್ಲ ಯಾರು ಕಟ್ಟಿಸಿದರೆಂಬುದಕ್ಕೆ ಬರಹಗಳಿವೆ. ನಾನು ಹುಡುಕುತ್ತಿದ್ದುದಾದರೋ ಒಂದು ಬುಟ್ಟಿಯನ್ನು ಇಳಿಸಿದ್ದ ಜಾಗವನ್ನು.

ಹಳೆಯ ಮರಣದ ದಫ್ತರವೇನಾದರೂ ಸಿಕ್ಕೀತೆಂದು ಒಂದು ಕಚೇರಿಗೆ ಎರಡು ದಿನ ಅಲೆದೆ, ಫಲವಾಗಲಿಲ್ಲ. ಮೂರನೆಯ ದಿನ ಬಸ್ ನಿಲ್ದಾಣದ ಮಗ್ಗುಲಿನ ಬೀದಿಯಲ್ಲಿ, ತರಕಾರಿ ಮೂಟೆಗಳನ್ನು ಹೊತ್ತ ಹಮಾಲರ “ದಾರಿ, ದಾರಿ” ಎಂಬ ಕೂಗಿಗೆ ಸರಿದು ಗೋಡೆಯ ಪಕ್ಕಕ್ಕೆ ನಿಂತಾಗ, ಅಲ್ಲಿಯೇ ಗೋಣಿಯ ಮೇಲೆ ಪುರಿಯ ರಾಶಿಯನ್ನು ಹಾಕಿಕೊಂಡಿದ್ದ ಮುದುಕಿಯೊಬ್ಬಳನ್ನು ಕಂಡೆ. ಎರಡು ಸೇರು ಕೇಳಿದೆ. ಅವಳು ಸೇರನ್ನು ತುಂಬಿ, ಅಂಗೈಯಿಂದ ತಲೆಯನ್ನು ಒರೆಸದೆ ಗೋಪುರವಾಗಿಯೇ ಸುರಿದು, ಎರಡನೆಯದೂ ಆದ ಮೇಲೆ, ನಾನು ಕೇಳದಿದ್ದರೂ, ಒಂದು ಬೊಗಸೆ ಮೇಲೆ ಹಾಕಿ, “ಕೊಸರು ಹಾಕದೆ ಕೊಟ್ಟರೆ ಕೈ ಬರಿದಾಗ್ತದಣ್ಣ” ಎಂದಳು.

ತಂಗಿ, ನಾನು ಅಲ್ಲಿ ಬಹಳ ಹೊತ್ತು ನಿಂತೆ. ನಮ್ಮ ಮನೆಯಲ್ಲಿ ಕಣದ ಆಳಿಗೇ ಆಗಲಿ, ಬಾಗಿಲಿಗೆ ಬಂದ ದಾಸಯ್ಯನಿಗೇ ಆಗಲಿ, ಅಳೆದು ಕೊಟ್ಟ ಮೇಲೆ ಒಂದು ಹಿಡಿಯನ್ನು ಸೇರಿಸದೆ ಅಮ್ಮ ಕೈ ತೊಳೆದವಳಲ್ಲ. ಅವಳು ಅದನ್ನು ಅತ್ತೆಯಿಂದ ಕಲಿತಳು, ಅತ್ತೆ ತನ್ನ ಗಂಡನಿಂದ, ಅಂದರೆ ಅಜ್ಜನಿಂದ. ಬೇಸಾಯಗಾರನಾದ ಅಜ್ಜನಿಗೆ ಈ ಅಂಗಡಿಯ ನಡವಳಿಕೆ ಎಲ್ಲಿಂದ ಬಂದಿತೆಂದು ನಾವು ಎಂದೂ ಯೋಚಿಸಲಿಲ್ಲ. ಅವನು ಬೆಳೆದದ್ದು ಈ ಬೀದಿಯಲ್ಲಿ, ಕೊಸರು ಹಾಕುವ ಕೈಯೊಂದರ ಪಕ್ಕದಲ್ಲಿ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಅವಳ ಬುಟ್ಟಿಯನ್ನು ಹೊತ್ತುಕೊಂಡು ಹೋಗುತ್ತಿದ್ದವನೂ ಅವನೇ. ದಫ್ತರದಲ್ಲಿ ದೊರೆಯದ ಮುತ್ತಜ್ಜಿ ನಮ್ಮ ಮನೆಯ ಅಳತೆಯಲ್ಲಿಯೇ ಇದ್ದಳು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟನ್ನು ತೊರೆದವರಿಂದ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ನಿವೇಶನ ಕೊಳ್ಳಲು ಶಕ್ತಿಯಿಲ್ಲದವರು ಊರುಗಳ ದಾರಿ ಹಿಡಿದರು. ಆಗ ಅವಳು ಮಗನ ಕೈಗೆ ಹಿತ್ತಾಳೆಯ ಪಾವನ್ನು ಕೊಟ್ಟು, ನೀನು ಮುಂದೆ ಹೋಗಿರು, ನಾನು ಹಿಂದಿನಿಂದ ಬರುತ್ತೇನೆಂದು ಕಳುಹಿದಳಂತೆ. ಬರಲಿಲ್ಲ. ಸಮಾಧಿಯೂ ಇಲ್ಲದ ಅವಳಿಗಾಗಿ ನಾನು ಇಂದು ಸಂಜೆ, ಅದೇ ಬೀದಿಯ ಬೇವಿನ ಮರದ ಬುಡದಲ್ಲಿ ಆ ಎರಡು ಸೇರು ಪುರಿಯನ್ನು ಮಕ್ಕಳಿಗೆ ಹಂಚಿದೆ.

ನಾಳಿದ್ದು ಹೊರಡುತ್ತೇನೆ. ಈ ಸುಗ್ಗಿಗೆ ಹೆಳವನು ಬಂದಾಗ ನಾನು ಊರಲ್ಲಿ ಇಲ್ಲದಿದ್ದರೂ ಅವನನ್ನು ಹಾಗೆಯೇ ಕಳುಹಬೇಡ. ಅಟ್ಟದ ಮೇಲಿನ ಆ ಪಾವನ್ನು ಹುಣಿಸೆಹಣ್ಣಿನಿಂದ ತಿಕ್ಕಿ, ಅದರಲ್ಲಿಯೇ ರಾಗಿ ಅಳೆದು, ಕೊಸರನ್ನೂ ಹಾಕಿ, ಅಜ್ಜನ ಹೆಸರಿನ ಮೇಲೆ ಮುತ್ತಜ್ಜಿಯ ಹೆಸರನ್ನು ನಿನ್ನ ಕಣ್ಣೆದುರಿಗೇ ಬರೆಯಿಸು. ಹೆಸರೇನೆಂದು ಅವನು ಕೇಳಿದರೆ ನಿನ್ನದನ್ನೇ ಹೇಳು. ಅಪ್ಪ ನಿನಗೆ ಇಟ್ಟದ್ದು ಅವಳ ಹೆಸರನ್ನೇ.

ಇತಿ ನಿನ್ನ ಅಣ್ಣ