ಡೈರಿಯ ಆ ಪುಟ

ಸಾಗರದ ಆ ಮನೆಯ ನಡುಮನೆಯಲ್ಲಿ ಮೊಳೆಗೆ ತೂಗುಹಾಕಿದ ಹಳೆಯ ಡೈರಿಯೊಂದಿದೆ. ಹಾಲಿನ ಲೆಕ್ಕ, ಗ್ಯಾಸಿನ ನಂಬರು, ಕರೆಂಟ್ ಬಿಲ್ಲಿನ ವಿವರ, ಇವುಗಳ ನಡುವೆ ಒಂದು ಪುಟದ ತುಂಬ ಮನೆಯವರೆಲ್ಲರ ಪಾಸ್‌ವರ್ಡುಗಳು. ಬಂದ ನೆಂಟರೂ ಸಲೀಸಾಗಿ ಓದಬಹುದಾದ ದುಂಡನೆಯ ಅಕ್ಷರ. ಮೇಷ್ಟ್ರ ಕೈಬರಹವಲ್ಲವೇ!

ಮಗಳು ಪಿಯುಸಿ ಮುಗಿಸಿದ್ದಳು. ಕಾಲೇಜುಗಳ ಆಯ್ಕೆ ಪಟ್ಟಿ ಸಲ್ಲಿಸಲು ಅಂದೇ ಕಡೆಯ ದಿನ. ಅಪ್ಪನ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ತಾನಾಗಿಯೇ ಪಾಸ್‌ವರ್ಡ್ ತುಂಬಿತು. ತಪ್ಪು ಎಂದು ಬಂತು. ಡೈರಿ ನೋಡಿ ಹೊಡೆದಳು, ಅದೂ ತಪ್ಪು. ಹದಿನೈದು ದಿನದ ಹಿಂದೆ ಬಸ್ಸಿನಲ್ಲಿ ಕೂತು ಫೋನಿನಲ್ಲಿ ತಾನೇ ಅದನ್ನು ಬದಲಾಯಿಸಿದ್ದು ಆಗ ನೆನಪಾಯಿತು. ಹೊಸದನ್ನು ಬಲ್ಲದ್ದು ಫೋನಿನ ಕ್ರೋಮ್ ಮಾತ್ರ. ಆ ಫೋನೋ ಪರದೆ ಒಡೆದು ರಿಪೇರಿ ಅಂಗಡಿ ಸೇರಿತ್ತು. ಮರೆತಿದ್ದೇನೆ ಎಂದು ಒತ್ತಿದರೆ ಒಟಿಪಿ ಹೋಗುವುದು ಅಪ್ಪನ ಮೊಬೈಲಿಗೆ. ಅಪ್ಪ ಶಿವಮೊಗ್ಗದಿಂದ ಬರುವ ಬಸ್ಸಿನಲ್ಲಿ, ಸಿಗ್ನಲ್ ಇಲ್ಲದ ದಾರಿಯಲ್ಲಿ. ಅಂತೂ ಪಟ್ಟಿ ಹೋದಾಗ ಉಳಿದದ್ದು ಇಪ್ಪತ್ತು ನಿಮಿಷ. ಅಮ್ಮ ಅಷ್ಟು ಹೊತ್ತೂ ದೇವರ ಕೋಣೆಯ ಹೊಸ್ತಿಲು ಬಿಟ್ಟು ಏಳಲಿಲ್ಲ.

ಕ್ರೋಮ್ ಉಳಿಸಿಟ್ಟದ್ದು ಗೂಗಲ್ ಖಾತೆಗೆ ಹೋಗುತ್ತದೆ, ಫೈರ್‌ಫಾಕ್ಸಿನದು ಮೊಜಿಲ್ಲಾ ಖಾತೆಗೆ. ಮಾತು ಬಿಟ್ಟ ಓರಗಿತ್ತಿಯರ ಹಾಗೆ, ಒಂದೇ ಮನೆಯಲ್ಲಿದ್ದರೂ ಒಬ್ಬರಿಗಿನ್ನೊಬ್ಬರ ಸುದ್ದಿ ಗೊತ್ತಿಲ್ಲ.

ಮುಂದಿನ ಭಾನುವಾರ ಬೆಂಗಳೂರಿನಿಂದ ಬಂದ ಅಣ್ಣ, 2016ರಲ್ಲಿ ಬಳಕೆಗೆ ಬಂದ ಬಿಟ್‌ವಾರ್ಡನ್ ಎಂಬುದನ್ನು ಕಂಪ್ಯೂಟರು, ಫೋನು ಎರಡಕ್ಕೂ ಹಾಕಿದ. ಬೇರೆ ಬೇರೆ ಬ್ರೌಸರುಗಳಿಗೂ ಒಂದೇ ಪೆಟ್ಟಿಗೆ. ಅದಕ್ಕೊಂದು ಮುಖ್ಯ ಪಾಸ್‌ವರ್ಡ್. ಅಪ್ಪನಿಗೊಂದು, ತಂಗಿಗೊಂದು ಖಾತೆ.

“ಎಲ್ಲ ಬೀಗದ ಕೈಗಳನ್ನೂ ಒಂದೇ ಗೊಂಚಲಿಗೆ ಹಾಕಿ ಕಳ್ಳನ ಕೈಗೆ ಕೊಟ್ಟ ಹಾಗಾಗಲಿಲ್ಲವೇನೋ?” ಎಂದರು ಮೇಷ್ಟ್ರು. ಅನುಮಾನ ಸುಳ್ಳಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಕಂಪನಿಯಿಂದ ಗ್ರಾಹಕರ ಪೆಟ್ಟಿಗೆಗಳ ಪ್ರತಿಗಳನ್ನೇ ಕದ್ದೊಯ್ದಿದ್ದರು. ಒಳಗಿನ ಪಾಸ್‌ವರ್ಡುಗಳು ಗೂಢಲಿಪಿಯಲ್ಲಿದ್ದವು ನಿಜ. ಆದರೆ ಮುಖ್ಯ ಪಾಸ್‌ವರ್ಡ್ ಸುಲಭದ್ದಾದರೆ ಊಹಿಸುತ್ತ ಕೂರಲು ಕಳ್ಳನಿಗೆ ಬಿಡುವು ಬೇಕಾದಷ್ಟು. ಅದಕ್ಕೇ ಮಗಳ ಹೆಸರು, ಹುಟ್ಟಿದ ವರ್ಷ ಬೇಡವೆಂದ ಮಗ. ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಪೋಣಿಸಿದರು. ಮೇಷ್ಟ್ರಿಗೆ ಈ ಆಟ ಹಿಡಿಸಿತು.

ಹಳೆಯದನ್ನು ಸಾಗಿಸುವಾಗ ಬ್ರೌಸರ್ ಕೊಡುವ ಸಿಎಸ್‌ವಿ ಕಡತವನ್ನು ಯಾರು ತೆರೆದರೂ ಓದಬಹುದು. ಕೆಲಸ ಮುಗಿದೊಡನೆ ಅದನ್ನು ಅಳಿಸಿದರು. ಎಷ್ಟೋ ಮಂದಿ ಮರೆಯುವುದು ಇದನ್ನೇ. ಬ್ರೌಸರುಗಳು ತಾವೂ ಉಳಿಸಿಡಲೇ ಎಂದು ಕೇಳುವುದನ್ನೂ ನಿಲ್ಲಿಸಿದರು. ಇಲ್ಲದಿದ್ದರೆ ಮತ್ತೆ ಓರಗಿತ್ತಿಯರ ಸಂಸಾರ.

“ಈ ಮುಖ್ಯದ್ದನ್ನೇ ಮರೆತರೆ?”

“ಕಂಪನಿಯವರಿಗೂ ತೆಗೆದುಕೊಡಲು ಆಗುವುದಿಲ್ಲ, ಅಪ್ಪ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಹಾಗಾದರೆ ನಾಳೆ ನನಗೇನಾದರೂ ಆದರೆ ನಿಮ್ಮಮ್ಮ ಬ್ಯಾಂಕಿನ ಕೆಲಸಕ್ಕೆ ಯಾರನ್ನು ಕೇಳಬೇಕು?”

ಮಗ ಇದನ್ನು ಯೋಚಿಸಿರಲಿಲ್ಲ. ಅಮ್ಮ ಒಳಗಿನಿಂದಲೇ, “ಬಿಡ್ತು ಅನ್ನಿ” ಎಂದರು.

ಐದು ಪದಗಳನ್ನು ಮೇಷ್ಟ್ರು ಒಂದು ಹಾಳೆಯಲ್ಲಿ, ಅದೇ ದುಂಡನೆಯ ಅಕ್ಷರದಲ್ಲಿ ಬರೆದು, ಲಕೋಟೆಗೆ ಗೋಂದು ಹಚ್ಚಿ, ಬೀರುವಿನಲ್ಲಿ ಜಮೀನಿನ ಪತ್ರಗಳ ಅಡಿಗಿಟ್ಟರು. ಇಟ್ಟ ಜಾಗವನ್ನು ಹೆಂಡತಿಗೆ ಕರೆದು ತೋರಿಸಿದರು. ಡೈರಿಯ ಆ ಪುಟ ಬಚ್ಚಲ ಒಲೆಗೆ ಹೋಯಿತು. ಅದರ ಬೆನ್ನಿಗೆ ಬರೆದಿದ್ದ ಮೇ ತಿಂಗಳ ಹಾಲಿನ ಲೆಕ್ಕವೂ ಜೊತೆಗೇ ಸುಟ್ಟಿತೆಂದು ಅಮ್ಮ ಇನ್ನೂ ಗೊಣಗುತ್ತಾರೆ.