ಬೀಗ ತೆಗೆದ ಪೈಥಾನ್ ಜೊತೆ ಪಟ್ಟ ಪಾಡು

ಪೈಥಾನ್‌ನಲ್ಲಿ ಜಿಐಎಲ್ ಎಂಬ ಬೀಗವಿದೆ. ಎಷ್ಟೇ ಥ್ರೆಡ್‌ಗಳಿರಲಿ, ಒಂದು ಹೊತ್ತಿಗೆ ಕೀಲಿ ಸಿಗುವುದು ಒಂದಕ್ಕೇ. ಹೀಗಾಗಿ ನಮ್ಮ ತಂಡದ ಲೆಕ್ಕಾಚಾರದ ಕೆಲಸ ಹದಿನಾರು ಕೋರ್‌ಗಳ ಯಂತ್ರದಲ್ಲೂ ಒಂದೇ ಕೋರ್ ಮೇಲೆ ತೆವಳುತ್ತಿತ್ತು. ಸ್ಯಾಮ್ ಗ್ರಾಸ್ ಬರೆದ ಪೆಪ್ 703 ಎಂಬ ಪ್ರಸ್ತಾವ ಈ ಬೀಗ ತೆಗೆಯಲು ದಾರಿ ಮಾಡಿತು. 2024ರ ಅಕ್ಟೋಬರ್‌ನಲ್ಲಿ ಬಂದ 3.13ರಲ್ಲಿ ಬೀಗವಿಲ್ಲದ ಪ್ರಾಯೋಗಿಕ ಆವೃತ್ತಿಯೂ ಸಿಕ್ಕಿತು. ಅದನ್ನು ಪರೀಕ್ಷಿಸುವ ಹೊಣೆ ನನ್ನ ತಲೆಗೆ ಬಂತು.

ಸೋರ್ಸ್ ತಂದು, ಜಿಐಎಲ್ ಬೇಡವೆಂದು ಕಾನ್ಫಿಗರ್ ಮಾಡಿ ಬಿಲ್ಡ್‌ಗೆ ಹಾಕಿದೆ. ಬಿಲ್ಡ್ ಮುಗಿಯಿತು, ಪಿಪ್ ಮಾತ್ರ ಏನನ್ನೂ ಇಳಿಸಿಕೊಳ್ಳಲಿಲ್ಲ. ಆ ಯಂತ್ರದಲ್ಲಿ ಓಪನ್‌ಎಸ್‌ಎಸ್‌ಎಲ್ ಹೆಡರ್ ಫೈಲುಗಳೇ ಇರಲಿಲ್ಲ. ಎಸ್‌ಎಸ್‌ಎಲ್ ಮಾಡ್ಯೂಲನ್ನು ಕೈಬಿಟ್ಟು ಉಳಿದದ್ದೆಲ್ಲ ತಣ್ಣಗೆ ಬಿಲ್ಡ್ ಆಗಿತ್ತು.

ಅದನ್ನು ಸರಿಪಡಿಸಿ ಓಡಿಸಿದರೂ ವೇಗ ಒಂದಿಷ್ಟೂ ಏರಲಿಲ್ಲ. ಲಾಗ್‌ನ ರಾಶಿಯಲ್ಲಿ ಒಂದೇ ಒಂದು ಎಚ್ಚರಿಕೆಯ ಸಾಲು ಹೂತುಹೋಗಿತ್ತು. ಬೀಗವಿಲ್ಲದೆಯೂ ನಡೆಯಬಲ್ಲೆ ಎಂದು ಘೋಷಿಸಿಕೊಳ್ಳದ ಸಿ ಎಕ್ಸ್‌ಟೆನ್ಷನ್ ಇಂಪೋರ್ಟ್ ಆದರೆ, ಇಂಟರ್‌ಪ್ರಿಟರ್ ತಾನೇ ಜಿಐಎಲ್ ಹಾಕಿಕೊಳ್ಳುತ್ತದೆ. ನಾವು ಬಳಸುತ್ತಿದ್ದ ಹಳೆಯ ಎಕ್ಸ್‌ಟೆನ್ಷನ್ ಅಂಥದ್ದೇ.

ಎನ್ವಿರಾನ್‌ಮೆಂಟ್ ವೇರಿಯಬಲ್ ಕೊಟ್ಟು ಬೀಗವನ್ನು ಬಲವಂತವಾಗಿ ತೆಗೆಸಿದೆ. ಅಲ್ಲಿಂದ ನಿಜವಾದ ಗೋಳು ಶುರು. ಒಮ್ಮೆ ಗಂಟೆಗಟ್ಟಲೆ ಓಡುತ್ತಿತ್ತು, ಇನ್ನೊಮ್ಮೆ ಶುರುವಾದೊಡನೆ ಸೆಗ್‌ಫಾಲ್ಟ್. ಜಿಡಿಬಿ ಒಳಗೆ ಓಡಿಸಿದರೆ ಕ್ರ್ಯಾಶ್ ಇಲ್ಲ, ಎರಡು ಪ್ರಿಂಟ್ ಸೇರಿಸಿದರೂ ಇಲ್ಲ. ನಿದ್ದೆ ಕೆಟ್ಟಿತು. ಬೆಳಿಗ್ಗೆ ಕಾಫಿ ಹೊತ್ತಿಗೆ ಪಕ್ಕದ ಸೀಟಿನವರು ಕೇಳುತ್ತಿದ್ದರು, “ಏನಮ್ಮಾ, ನಿನ್ನ ಪೈಥಾನ್ ಇವತ್ತು ಬದುಕಿದೆಯಾ?”

ಕೊನೆಗೆ ಥ್ರೆಡ್‌ಗಳ ನಡುವಿನ ಡೇಟಾ ರೇಸ್ ಹಿಡಿಯುವ ಥ್ರೆಡ್ ಸ್ಯಾನಿಟೈಸರ್ ಸೇರಿಸಿ ಇಂಟರ್‌ಪ್ರಿಟರನ್ನೂ ಎಕ್ಸ್‌ಟೆನ್ಷನ್ನನ್ನೂ ಹೊಸದಾಗಿ ಬಿಲ್ಡ್ ಮಾಡಿದೆ. ಅದು ಮೆಮೊರಿ ಮ್ಯಾಪಿಂಗ್ ಸರಿಯಿಲ್ಲವೆಂದು ಶುರುವಿನಲ್ಲೇ ಸತ್ತಿತು. ಲಿನಕ್ಸ್ ಕರ್ನಲ್ ವಿಳಾಸಗಳನ್ನು ಚದುರಿಸಲು ಬಳಸುವ ಬಿಟ್‌ಗಳನ್ನು 32ರಿಂದ 28ಕ್ಕೆ ಇಳಿಸಿದ ಮೇಲೆ ಎದ್ದಿತು. ಆಗ ಸಿಕ್ಕಿತು ಮೂಲ. ಎಕ್ಸ್‌ಟೆನ್ಷನ್ ತನ್ನ ಕ್ಯಾಶ್ ಡಿಕ್ಷನರಿಯಿಂದ ಆಬ್ಜೆಕ್ಟನ್ನು ಬಾರೋಡ್ ರೆಫರೆನ್ಸ್ ಆಗಿ ಪಡೆಯುತ್ತಿತ್ತು. ರೆಫರೆನ್ಸ್ ಕೌಂಟ್ ಏರುವುದಿಲ್ಲವಾದ್ದರಿಂದ, ಈ ಥ್ರೆಡ್ ಅದನ್ನು ಬಳಸುತ್ತಿರುವಾಗಲೇ ಇನ್ನೊಂದು ಥ್ರೆಡ್ ಆ ಜಾಗಕ್ಕೆ ಬೇರೆಯದನ್ನು ಹಾಕಿದರೆ ಹಳೆಯದರ ಮೆಮೊರಿ ಫ್ರೀ ಆಗಿಬಿಡುತ್ತಿತ್ತು. ಕೌಂಟ್ ಏರಿಸಿಯೇ ಕೊಡುವ, 3.13ರಲ್ಲಿ ಹೊಸದಾಗಿ ಬಂದ ‘ಪೈಡಿಕ್ಟ್ ಗೆಟ್‌ಐಟಮ್‌ರೆಫ್’ ಬಳಸಿದ ಮೇಲೆ ಕ್ರ್ಯಾಶ್ ನಿಂತಿತು. ಕೋರ್‌ಗಳೆಲ್ಲ ಕೆಲಸಕ್ಕೆ ಇಳಿದವು.

ಆದರೂ 3.13ನ್ನು ನಾವು ಪ್ರೊಡಕ್ಷನ್‌ಗೆ ಒಯ್ಯಲಿಲ್ಲ. ಅದರಲ್ಲಿ ಒಂದೇ ಥ್ರೆಡ್‌ನ ಕೆಲಸ ಬೆಂಚ್‌ಮಾರ್ಕ್‌ಗಳ ಪ್ರಕಾರ ಸುಮಾರು 40% ನಿಧಾನ. 2025ರ ಅಕ್ಟೋಬರ್‌ನಲ್ಲಿ ಬಂದ 3.14ರಲ್ಲಿ ಆ ನಷ್ಟ ತುಂಬಾ ತಗ್ಗಿತು, ‘ಪ್ರಾಯೋಗಿಕ’ ಎಂಬ ಹಣೆಪಟ್ಟಿಯೂ ಹೋಯಿತು. ಆದರೆ ಹಲವು ಹಳೆಯ ಎಕ್ಸ್‌ಟೆನ್ಷನ್‌ಗಳು ಇದ್ದ ಹಾಗೇ ಇವೆ. ಈ ಹಾದಿ ಹಿಡಿಯುವವರು ವೇಗ ಅಳೆಯುವ ಮೊದಲು ಬೀಗ ನಿಜವಾಗಿಯೂ ತೆರೆದಿದೆಯೇ ಎಂದು ನೋಡಿಕೊಳ್ಳಿ. ತೆರೆದಿದ್ದರೆ, ಥ್ರೆಡ್ ಸ್ಯಾನಿಟೈಸರ್‌ನಲ್ಲಿ ಪಾಸಾಗುವವರೆಗೆ ಆ ವೇಗವನ್ನು ನಂಬಬೇಡಿ.