ಎರಡು ಬೆರಳಿನ ಗೇರು

ಮಸ್ಕಿ ದಾಟಿ ಲಿಂಗಸುಗೂರಿನ ದಾರಿ ಹಿಡಿದಾಗ ಕ್ಲಚ್ ಕೇಬಲ್ ಹರಿಯಿತು. ಪೆಡಲ್ ಪುಸಕ್ಕನೆ ಕೆಳಗಿಳಿದು ಅಲ್ಲೇ ಮಲಗಿಬಿಟ್ಟಿತು. ಪಕ್ಕದಲ್ಲಿದ್ದ ಅಳಿಯ ಮೊಬೈಲ್ ತೆಗೆದು ಗಾಡಿ ಎಳೆಸುವವರ ನಂಬರ್ ಹುಡುಕತೊಡಗಿದ. ನನಗೋ ಒಳಗೊಳಗೇ ಹಿಗ್ಗು. ಇಂಥ ಅವಕಾಶ ಕೇಳಿದಾಗ ಸಿಗುವುದಿಲ್ಲ. "ಸುಮ್ನ ಕುಂದ್ರಪ, ಹಟ್ಟಿ ತನಕ ಹಿಂಗ ಹೊಡ್ಕೊಂಡು ಹೋಗೂಣು" ಅಂದೆ.

ಎಂಜಿನ್ ಬಂದ್ ಮಾಡಿ, ಮುಂದೆ ಯಾರೂ ಇಲ್ಲವೆಂದು ನೋಡಿ, ಒಂದನೇ ಗೇರಿಗೆ ಹಾಕಿ ಕೀಲಿ ತಿರುಗಿಸಬೇಕು. ಗಾಡಿ ಒಮ್ಮೆ ಮುಗ್ಗರಿಸಿ ಹೊರಡುತ್ತದೆ. ಅಷ್ಟು ಯಾರಾದರೂ ಮಾಡಿಯಾರು. ರುಚಿ ಇರುವುದು ಆಮೇಲೆ. ಎಕ್ಸಲರೇಟರಿನಿಂದ ಕಾಲನ್ನು ಕೂದಲೆಳೆಯಷ್ಟು ಎತ್ತಿದರೆ ಹಲ್ಲುಗಳ ಮೇಲಿನ ಬಿಗಿ ಸಡಿಲಾಗುತ್ತದೆ. ಆ ಗಳಿಗೆಗೆ ಎರಡೇ ಬೆರಳಿನಿಂದ ಎಳೆದರೂ ಲಿವರ್ ನ್ಯೂಟ್ರಲ್‌ಗೆ ಬಂದು ನಿಲ್ಲುತ್ತದೆ. ಈಗ ಕಾಯಬೇಕು. ಮೂರರಲ್ಲಿ 2000 ಸುತ್ತು ತಿರುಗುತ್ತಿದ್ದ ಎಂಜಿನ್ ನಾಲ್ಕಕ್ಕೆ ಸುಮಾರು 1400ಕ್ಕೆ ಇಳಿಯಬೇಕು. ಮೀಟರ್ ನೋಡುವವನಿಗೆ ಇದು ದಕ್ಕುವುದಿಲ್ಲ, ಕಿವಿ ಕೊಟ್ಟವನಿಗೆ ದಕ್ಕುತ್ತದೆ. ಸದ್ದು ಸರಿಯಾದ ಜಾಗಕ್ಕೆ ಬಂದಾಗ ಲಿವರನ್ನು ಮೆಲ್ಲಗೆ ಒತ್ತಿದರೆ, ಬೆಣ್ಣೆಯಲ್ಲಿ ಬೆರಳಿಟ್ಟಂತೆ ಗೇರು ಒಳಗೆ! ಇಳಿಸುವಾಗ ತಿರುವು ಮುರುವು: ನ್ಯೂಟ್ರಲ್‌ನಲ್ಲಿ ಎಕ್ಸಲರೇಟರನ್ನು ಒಂದು ಸಲ ತುಳಿದು ಎಂಜಿನ್ನನ್ನು ಎಬ್ಬಿಸಿ ಆಮೇಲೆ ಹಾಕಬೇಕು. ಗರ್ ಎಂದರೆ ಒತ್ತಬಾರದು, ಮತ್ತೆ ಕಾಯಬೇಕು. ಊರೂರಿನ ಹಂಪುಗಳನ್ನು ಎರಡನೇ ಗೇರಿನಲ್ಲಿ ತೆವಳಿಕೊಂಡೇ ದಾಟಬೇಕು; ನಿಂತರೆ ಪುನಃ ಕೀಲಿ, ಪುನಃ ಮುಗ್ಗರಿಕೆ.

ಈಚಿನ ಎಷ್ಟೋ ಕಾರುಗಳು ಕ್ಲಚ್ ತುಳಿಯದೆ ಸ್ಟಾರ್ಟ್ ಆಗುವುದೇ ಇಲ್ಲ. ಸುರಕ್ಷತೆಯಂತೆ. ಇರಲಿ, ಅವುಗಳ ಯಜಮಾನರು ರಸ್ತೆ ಬದಿಯ ಜಾಲಿಗಿಡದ ನೆರಳಿನಲ್ಲಿ ಸುರಕ್ಷಿತವಾಗಿ ಕೂತಿರಲಿ.

ಕೇಬಲ್ ಹರಿದರೆ ನನಗೆ ಬೇಸರವಿಲ್ಲ. ಬೇಸರ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಸಿಂಧನೂರಿನವರೆಗೆ ಹೋಗುವ ಪುಣ್ಯಾತ್ಮರ ಮೇಲೆ. ಪ್ಲೇಟು ಸವೆಯುತ್ತದೆ, ಬೇರಿಂಗ್ ಕಿರುಗುಟ್ಟುತ್ತದೆ, ಕೊನೆಗೆ ಬೈಗುಳ ಮಾತ್ರ ಮೆಕ್ಯಾನಿಕ್ಕಿಗೆ. ಇವರ ದೊಡ್ಡಣ್ಣಂದಿರು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವವರು. ಪೆಟ್ರೋಲ್ ಉಳಿಯುತ್ತದೆಂದು ವಾದಿಸುತ್ತಾರೆ. ಇಂಜೆಕ್ಷನ್ ಬಂದ ಮೇಲೆ, ಗೇರಿನಲ್ಲೇ ಇದ್ದು ಎಕ್ಸಲರೇಟರ್ ಬಿಟ್ಟರೆ ಎಂಜಿನ್ನಿಗೆ ಇಂಧನವೇ ಕಡಿತವಾಗುತ್ತದೆ; ಚಕ್ರಗಳೇ ಅದನ್ನು ತಿರುಗಿಸುತ್ತವೆ. ನ್ಯೂಟ್ರಲ್ ಹಾಕಿದರೆ ಐಡ್ಲಿಂಗಿಗೆ ಪೆಟ್ರೋಲ್ ಸುಡಲೇಬೇಕು. ಎಂದರೆ ಉಳಿಸಲು ಹೋಗಿ ಖರ್ಚು ಮಾಡುತ್ತಿದ್ದಾರೆ. ಅದು ಅವರ ದುಡ್ಡು, ಸುಟ್ಟುಕೊಳ್ಳಲಿ. ಆದರೆ ಎಂಜಿನ್ನಿನ ಹಿಡಿತ ಬಿಟ್ಟ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ. ರಾತ್ರಿ ಹಿಂದೆ ದೀಪವಿಲ್ಲದ ಭತ್ತದ ಟ್ರಾಲಿಯೊಂದು ಎದುರಾದಾಗ ಇವರ ಉಳಿತಾಯಕ್ಕೆ ಬೆಲೆ ತೆರುವವರು ಟ್ರಾಲಿಯ ಮೇಲೆ ಮಲಗಿದ ಕೂಲಿಯವರು. ಇದನ್ನು ಹೇಳಿದರೆ "ನಾವು ಇಪ್ಪತ್ತು ವರ್ಷದಿಂದ ಹಿಂಗಽ ಹೊಡ್ಯಾಕ ಹತ್ತೀವಿ" ಎನ್ನುತ್ತಾರೆ. ಏನೂ ಆಗದಿದ್ದುದನ್ನೇ ವಿದ್ಯೆ ಎಂದುಕೊಂಡವರಿಗೆ ಏನು ಹೇಳುವುದು?

ಎರಡೇ ಪೆಡಲಿನವರದು ಇನ್ನೊಂದು ಮಜಾ. ನಮ್ಮಲ್ಲಿ 2014ರಿಂದೀಚೆ ಸಣ್ಣ ಕಾರುಗಳಿಗೂ ಬಂದ, ತಾನೇ ಗೇರು ಬದಲಿಸುವ ಎಎಂಟಿಯಲ್ಲಿ ಕ್ಲಚ್ ಎಲ್ಲೂ ಹೋಗಿಲ್ಲ. ಕಾಲಿನ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೆ. ಏರಿನಲ್ಲಿ ಬ್ರೇಕ್ ಹಿಡಿಯದೆ ಎಕ್ಸಲರೇಟರಿನಿಂದಲೇ ಗಾಡಿ ನಿಲ್ಲಿಸಿಕೊಂಡರೆ ಅಲ್ಲೂ ಅದೇ ಪ್ಲೇಟು, ಅದೇ ಸುಟ್ಟ ವಾಸನೆ.

ಕಿವಿಯಿಂದ ಯಂತ್ರ ನಡೆಸುವುದನ್ನು ನಾನು ಮೊದಲು ಕಂಡದ್ದು ಕಾರಿನಲ್ಲಲ್ಲ, ನಮ್ಮ ಹಟ್ಟಿ ಕ್ಯಾಂಪಿನ ವೈಂಡರ್‌ಗಳಲ್ಲಿ. ಅಲ್ಲಿನ ಚಿನ್ನದ ಗಣಿಯ ಆಳ 2000 ಅಡಿ ದಾಟಿದೆ. ಶಾಫ್ಟಿನಲ್ಲಿ ಕೇಜು ಏರಿಳಿಸುವ ವೈಂಡರ್‌ಗೆ ಕೇಜೂ ಕಾಣದು, ಅದರೊಳಗಿನ ಮನುಷ್ಯರೂ ಕಾಣರು. ಗಂಟೆಯ ಸನ್ನೆ, ಆಳ ತೋರಿಸುವ ಮುಳ್ಳು, ಕೈಯಲ್ಲಿ ಲಿವರು. ಅಷ್ಟರಲ್ಲೇ ಹಗ್ಗದ ತುದಿಯ ಭಾರವನ್ನು ಲೆವೆಲಿಗೆ ಸರಿಯಾಗಿ, ಜರ್ಕಿಲ್ಲದೆ ತಂದು ನಿಲ್ಲಿಸಬೇಕು. ಜರ್ಕಾದರೆ ಕೇಜಿನೊಳಗಿನ ಬೈಗುಳ ಮೇಲಿರುವ ವೈಂಡರ್‌ಗೆ ಕೇಳಿಸುತ್ತಿರಲಿಲ್ಲ. ಪಾಳಿ ಮುಗಿದ ಮೇಲೆ ಚಹಾದ ಅಂಗಡಿಯಲ್ಲಿ ಬಡ್ಡಿ ಸಮೇತ ಕೇಳಿಸುತ್ತಿತ್ತು.